ಗೋಡೆಗೆ ಬೆಂಕಿ ಹಾಕುವ ತೋಟ

ಒಂಟಿಕೊಪ್ಪಲ್

ಇಂಗ್ಲೆಂಡಿಗೆ ಹೋಗಿಬಂದವರು ಅರಮನೆ, ಗಡಿಯಾರದ ಗೋಪುರ, ಸೇತುವೆ ಇವುಗಳ ಬಗ್ಗೆ ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದೆ, ಬಸ್ಸಿನ ಕಿಟಕಿಯಿಂದ. ಮೈಸೂರಿನಲ್ಲಿ ಹುಟ್ಟಿ ಬೆಳೆದವಳಿಗೆ ಇನ್ನೊಂದು ಅರಮನೆ ತೋರಿಸಿದರೆ ಅಂಥ ಮೂರ್ಛೆಯೇನೂ ಬರುವುದಿಲ್ಲ. ನಾನು ಹೋದದ್ದು ಒಂದು ಗೋಡೆ ನೋಡಲು. ಅದೂ ಆ ಗೋಡೆ ಅಲ್ಲಿ ಇಲ್ಲದಿದ್ದರೆ ಸಾಕಪ್ಪ ಎಂದು ಬೇಡಿಕೊಂಡು.

ನನ್ನ ತಾತ, ಅಂದರೆ ಅಮ್ಮನ ಅಪ್ಪ ನಂಜಪ್ಪನವರು, ತೋಟದ ಮಾಲಿ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರಿನಲ್ಲಿ ಕೆಲಸದ ಮೇಲಿದ್ದ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಇದ್ದರು. ದೊರೆ ಊರಿಗೆ ಮರಳುವಾಗ ದೊರೆಸಾನಿ ತನ್ನ ಗಿಡಗಳ ಪೆಟ್ಟಿಗೆಗಳನ್ನು ಹಡಗಿಗೆ ಹತ್ತಿಸಿ, ಅವಕ್ಕೆ ನೀರು ಹಾಕಲು ತಾತನನ್ನೂ ಹತ್ತಿಸಿದಳಂತೆ. ಅವಳ ಅಣ್ಣನದು ಹಳ್ಳಿಗಾಡಿನಲ್ಲಿ ದೊಡ್ಡ ಎಸ್ಟೇಟ್. ಅಲ್ಲಿಯ ತೋಟದಲ್ಲಿ ತಾತ ಮೂರು ಬೇಸಿಗೆ ಕೆಲಸ ಮಾಡಿ ವಾಪಸ್ಸು ಬಂದರು. ಇಷ್ಟು ತಾತ ಹೇಳಿದ್ದು. ನಂಬಿದವರು ಯಾರೂ ಇಲ್ಲ.

ನಂಬದಿರುವುದಕ್ಕೆ ಕಾರಣವಿತ್ತು. ಆ ಊರಲ್ಲಿ ಗಿಡಕ್ಕೆ ಚಳಿಯಾಗದ ಹಾಗೆ ಗೋಡೆಯೊಳಗೆ ಬೆಂಕಿ ಹಾಕುತ್ತಾರೆ ಎನ್ನುತ್ತಿದ್ದರು ತಾತ. ಹಣ್ಣಿನ ಮರಗಳನ್ನು ಕೈಚಾಚಿ ನಿಲ್ಲಿಸಿ ಗೋಡೆಗೆ ಕಟ್ಟಿಹಾಕುತ್ತಾರೆ ಎನ್ನುತ್ತಿದ್ದರು. ಮನೆಯ ಮುಂದೆ ಒಂದು ಹಳ್ಳವಿದೆ, ಬಿದ್ದಮೇಲೇ ಅದು ಕಾಣುವುದು ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡದು ಮಡಕೆಯ ಕಥೆ. ಗೋಡೆಯ ಬುಡದ ಮೂರು ಮರಗಳನ್ನು ತಾತನ ವಶಕ್ಕೆ ಕೊಟ್ಟಿದ್ದರಂತೆ. ಇಲ್ಲಿಯ ಅಭ್ಯಾಸದಂತೆ ತಾತ ಒಂದೊಂದು ಮರದ ಪಕ್ಕಕ್ಕೂ ಒಂದೊಂದು ಮಣ್ಣಿನ ಪಾತ್ರೆ ಕತ್ತಿನ ತನಕ ಹೂತು, ತಳದ ತೂತಿಗೆ ಹಳೇ ಪಂಚೆಯ ಬತ್ತಿ ತುರುಕಿ, ನೀರು ತುಂಬಿ ಮುಚ್ಚಿಟ್ಟರಂತೆ. ದಿನಬೆಳಗಾದರೆ ಮಳೆ ಬರುವ ದೇಶದಲ್ಲಿ! ತೋಟದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಮೂರನೇ ಬೇಸಿಗೆ ಮಳೆ ಕೈಕೊಟ್ಟು, ಗೋಡೆಯ ಮರಗಳೆಲ್ಲ ಒಣಗಿ, ತಾತನ ಮೂರು ಮಾತ್ರ ಹಸಿರಾಗಿ ನಿಂತವಂತೆ.

ಸಂಜೆ ಜಗಲಿಯ ಮೇಲೆ ತಾತ ಇದನ್ನು ಹೇಳುವಾಗ ಅಮ್ಮ ಹೂಂಗುಟ್ಟಬೇಕು. ನಮ್ಮಲ್ಲಿ ಕಥೆ ಹೇಳುವುದೇ ಹಾಗೆ. ಕೇಳುವವರು ಮಾತುಮಾತಿಗೆ ‘ಹ್ಞೂಂ’ ಅನ್ನದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಮ್ಮನಿಗೆ ಒಂಬತ್ತು ವರ್ಷವಾದಾಗ ಒಂದು ದಿನ ಇಸ್ಕೂಲಿನ ಗೆಳತಿಯರು ಬಂದು ಪಕ್ಕದಲ್ಲಿ ಕೂತಿದ್ದರು. ಗೋಡೆಗೆ ಬೆಂಕಿ ಎಂದಕೂಡಲೇ ಅವರು ಕಿಸಕ್ಕನೆ ನಕ್ಕರು. ಅಮ್ಮನಿಗೆ ನಾಚಿಕೆಯಾಗಿ ಹೂಂಗುಟ್ಟುವುದನ್ನು ಬಿಟ್ಟು, “ಬುರುಡೆ ಬುಡಬ್ಯಾಡಿ ಅಪ್ಪ” ಅಂದುಬಿಟ್ಟಳು. ತಾತ ಟವೆಲ್ ಕೊಡವಿಕೊಂಡು ಒಳಗೆ ಹೋದರು. ಆಮೇಲೆ ಹದಿನೈದು ವರ್ಷ ಬದುಕಿದ್ದರು. ಆ ಕಥೆಯನ್ನು ಮತ್ತೆ ಹೇಳಲಿಲ್ಲ.

ಅಮ್ಮನಿಗೆ ಈಗ ಎಂಬತ್ತನಾಲ್ಕು. ಈ ಜಗಲಿ ಪ್ರಸಂಗವನ್ನು ನನಗೆ ಹೇಳಿದ್ದು ಹೋದ ವರ್ಷ, ಹೂ ಕಟ್ಟುತ್ತಾ ಕೂತಿದ್ದಾಗ, ತರಕಾರಿ ವಿಷಯ ಹೇಳುವಷ್ಟೇ ಸಲೀಸಾಗಿ. ನಾನು ಪ್ರವಾಸದ ತಂಡದ ಜೊತೆ ಇಂಗ್ಲೆಂಡಿಗೆ ಹೊರಟದ್ದು ಗೊತ್ತಾದಮೇಲೆ ಟ್ರಂಕಿನಿಂದ ತಾತನ ಕಸಿಚಾಕು ತೆಗೆದುಕೊಟ್ಟಳು. ಮಡಚುವ ಚಾಕು, ಹಿಡಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಮನೆಯ ಹೆಸರು ಕೊರೆದಿದೆ. ಅದನ್ನು ದೇವರಾಜ ಮಾರುಕಟ್ಟೆಯ ಹಿಂದಿನ ಗುಜರಿಯಲ್ಲಿ ಕೊಂಡದ್ದೆಂದು ನಮ್ಮ ದೊಡ್ಡಮಾವನ ವಾದವಾಗಿತ್ತು.

“ಒಂದ್ಸಲ ಹೋಗಿ ನೋಡ್ಕೊಂಡು ಬಾರೇ,” ಅಂದಳು ಅಮ್ಮ. “ಸುಳ್ಳಾಗಿದ್ರೆ ಒಳ್ಳೇದು ಕಣೇ. ಸುಳ್ಳನ್ನ ಸುಳ್ಳು ಅಂದಿದ್ದೆ ಅಂತ ಆಗುತ್ತೆ. ನಿಜ ಆಗಿದ್ರೆ ಮಾತ್ರ...” ಅಷ್ಟು ಹೇಳಿ ದಾರವನ್ನು ಹಲ್ಲಿನಿಂದ ಕಡಿದಳು.

ನಾನು ಮೂವತ್ತೈದು ವರ್ಷ ಸರ್ವೆ ಕಚೇರಿಯಲ್ಲಿ ನಕಾಶೆ ಬರೆದವಳು. ಅಳೆಯದೆ ಯಾವುದನ್ನೂ ಒಪ್ಪಿದವಳಲ್ಲ. ತಾತ ಸುಳ್ಳು ಹೇಳಿದ್ದರು ಎಂದು ಅಳೆದು ತೋರಿಸಿಬಿಟ್ಟರೆ ಅಮ್ಮನಿಗೆ ನೆಮ್ಮದಿ. ಈ ಒಂದೇ ಉದ್ದೇಶದಿಂದ ಟೇಪನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೆ.

ಲಂಡನ್, ಐದನೇ ದಿನ

ಚಾಕುವಿನ ಮೇಲಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಈಗಲೂ ಜನ ವಾಸಮಾಡುವ ಮನೆ, ಅವರು ಹಾಗೆ ಕೇಳಿಕೊಂಡಿದ್ದಾರೆ. ಊರಿನಿಂದಲೇ ಹುಡುಕಿ ಪತ್ರ ಬರೆದಿದ್ದೆ. ಉತ್ತರ ಬರೆದವರು ಮಾರ್ಗರೆಟ್ ಎಂಬ ಹೆಂಗಸು. ಲೈಬ್ರರಿಯಿಂದ ನಿವೃತ್ತರಾಗಿ ಆ ತೋಟದ ಇತಿಹಾಸವನ್ನು ಪುಸ್ತಕ ಮಾಡುತ್ತಿದ್ದಾರೆ, ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಭಾರತದ ಮಾಲಿಯ ಹೆಸರು ಯಾವ ಕಾಗದದಲ್ಲೂ ಇಲ್ಲ, ಆದರೆ ವರ್ಷಕ್ಕೊಂದು ಭಾನುವಾರ ತೋಟವನ್ನು ಸಾರ್ವಜನಿಕರಿಗೆ ತೆರೆಯುತ್ತೇವೆ, ಬನ್ನಿ ಎಂದು ಬರೆದಿದ್ದರು. ಹೆಸರು ಇಲ್ಲ ಅಂದದ್ದು ಓದಿ ನನಗೆ ಅರ್ಧ ಸಮಾಧಾನವಾಗಿತ್ತು.

ಆ ಭಾನುವಾರ ನಮ್ಮ ತಂಡಕ್ಕೆ ಅಂಗಡಿ ತಿರುಗಲು ರಜೆ. ತಂಡದ ಮ್ಯಾನೇಜರ್ ಮಾತ್ರ ನನ್ನನ್ನು ಒಬ್ಬಳೇ ಬಿಡಲು ಒಪ್ಪಲಿಲ್ಲ. “ನೀವು ಕಳೆದೋದ್ರೆ ನಾನು ಯಾರ್ಗೆ ಉತ್ತರ ಹೇಳ್ಲಿ ಮೇಡಮ್?” ಎಂದು ಅಳುಮುಖ ಮಾಡಿದ. ಆಗ ಹಿಂದಿನ ಸೀಟಿನಿಂದ ಒಬ್ಬರು ಎದ್ದು, “ನಾನ್ ವೋಯ್ತೀನಿ ಬುಡಿ ಅವರ್ ಜೊತೆ. ನಂಗೂ ಅಂಗಡಿ ನೋಡಿ ನೋಡಿ ಕಾಲು ಬಿದ್ದೋದ್ವು,” ಅಂದರು. ಸರೋಜಮ್ಮ. ಸಿದ್ಧಾರ್ಥನಗರದಲ್ಲಿ ಇಡ್ಲಿ ಹೋಟೆಲು ನಡೆಸುತ್ತಾರೆ. ಹುಟ್ಟಿದ್ದು ನಂಜನಗೂಡಿನ ಕಡೆಯ ಒಂದು ಹಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ. ಯಾರು ಏನು ಹೇಳಿದರೂ ತಕ್ಷಣ ನಂಬಿಬಿಡುವ ಜೀವ. ನನಗೆ ಅಂಥವರನ್ನು ಕಂಡರೆ ತಲೆನೋವು.

ತಾತನ ಕಥೆಯನ್ನು ರೈಲಿನಲ್ಲಿ ಅವರಿಗೆ ಹೇಳಿದೆ. ಗೋಡೆ, ಹಳ್ಳ, ಜಗಲಿ ಎಲ್ಲ ಹೇಳಿ ಮಡಕೆಯ ಭಾಗವನ್ನು ಮಾತ್ರ ಬಿಟ್ಟೆ. ಸರ್ವೆಯಲ್ಲಿ ಸಾಕ್ಷಿಗೆ ಮೊದಲೇ ಗಡಿ ತೋರಿಸುವ ಪದ್ಧತಿಯಿಲ್ಲ.

“ಅಯ್ಯೋ, ನಿಮ್ ತಾತ ಸುಳ್ಳೇಳಿರಕ್ಕಿಲ್ಲ ಕಣ್ರೀ,” ಅಂದರು ಸರೋಜಮ್ಮ, ಪುಳಿಯೋಗರೆಯ ಡಬ್ಬಿ ಬಿಚ್ಚುತ್ತಾ.

ಅಷ್ಟರಲ್ಲಿ ನಮ್ಮ ನಿಲ್ದಾಣ ಬಂತು. ಬಾಗಿಲ ಮುಂದೆ ಚೀಲ ಹಿಡಿದು ನಿಂತೆವು. ಬಾಗಿಲು ತೆರೆಯಲಿಲ್ಲ. ರೈಲು ಹೊರಟಿತು. ಆಮೇಲೆ ಒಬ್ಬ ಮುದುಕಪ್ಪ ‘ಸಾರಿ, ಸಾರಿ’ ಎನ್ನುತ್ತಾ ಬಂದು, ಬಾಗಿಲ ಪಕ್ಕದ ಗುಂಡಿ ಒತ್ತಿದರೆ ಮಾತ್ರ ಅದು ತೆರೆಯುವುದು ಎಂದು ತೋರಿಸಿಕೊಟ್ಟ. ನಾವು ಇಳಿಯದೆ ಹೋದದ್ದಕ್ಕೆ ಅವನೇಕೆ ಕ್ಷಮೆ ಕೇಳಬೇಕು ಎಂದು ನನಗೆ ಹೊಳೆಯಲಿಲ್ಲ. ಈ ಜನ ಕಾಲು ತುಳಿದರೂ ಸಾರಿ, ತುಳಿಸಿಕೊಂಡರೂ ಸಾರಿ. ನಮ್ಮಲ್ಲಾಗಿದ್ದರೆ ಇಡೀ ಬೋಗಿ ಸೇರಿ ನಮಗೆ ಬುದ್ಧಿ ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ಬಾಗಿಲಿಂದಾಚೆಗೆ ನೂಕಿರುತ್ತಿತ್ತು. ಮುಂದಿನ ಸ್ಟೇಷನ್ನಿನಿಂದ ಟ್ಯಾಕ್ಸಿ ಹಿಡಿದು ಹಿಂದಕ್ಕೆ ಬಂದೆವು.

ತೋಟದ ಗೇಟು

ಗೇಟಿನಲ್ಲಿ ಇಬ್ಬರು ಗಂಡಸರು ನಿಂತಿದ್ದರು. ಒಬ್ಬ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಇನ್ನೊಬ್ಬನ ಸ್ವೆಟರಿನ ಮೊಣಕೈಯಲ್ಲಿ ತೂತು, ಪ್ಯಾಂಟಿಗೆ ಹಗ್ಗದ ಬೆಲ್ಟು. ನಾನು ಇಸ್ತ್ರಿಯವನಿಗೆ ಕೈಮುಗಿದು, ನಿಮ್ಮ ತೋಟ ಬಹಳ ಚೆನ್ನಾಗಿದೆ ಸಾರ್ ಅಂದೆ. ತೂತಿನವನ ಕೈಗೆ ನಮ್ಮ ಚೀಲ ಕೊಟ್ಟು, ನೆರಳಲ್ಲಿಡಪ್ಪಾ ಎಂದು ಸನ್ನೆ ಮಾಡಿದೆ. ಅವನು ತಲೆಬಾಗಿ ತೆಗೆದುಕೊಂಡು ಹೋಗಿ ನೆರಳಲ್ಲಿಟ್ಟ. ಆಮೇಲೆ ಗೊತ್ತಾಯಿತು, ಇಸ್ತ್ರಿಯವನು ಮಾಲಿ, ಟಾಮ್ ಎಂದು ಹೆಸರು. ಚೀಲ ಹೊತ್ತವನು ಎಸ್ಟೇಟಿನ ಯಜಮಾನ. ಅಲ್ಲಿ ತಲೆಮಾರಿನಿಂದ ಶ್ರೀಮಂತರಾದವರು ಹೊಸ ಬಟ್ಟೆ ಹಾಕುವುದು ಅವಮಾನವಂತೆ. ನಮ್ಮಲ್ಲಿ ಮಾಲೀಕ ಹರಕು ಬಟ್ಟೆ ಹಾಕಿ ಗೇಟಲ್ಲಿ ನಿಂತರೆ ವಾಚ್‌ಮನ್ನೇ ಆಚೆಗೆ ಅಟ್ಟಿಯಾನು.

ಮಾರ್ಗರೆಟ್ ಬಂದರು. ಸಣ್ಣ ಕಡ್ಡಿಯಂಥ ಹೆಂಗಸು, ಕತ್ತಿಗೆ ಎರಡು ಕನ್ನಡಕ. ನಡೆಯುತ್ತಲೇ ಇತಿಹಾಸ ಶುರು ಮಾಡಿದರು. ಇನ್ನೂರು ವರ್ಷದ ಹಿಂದೆ ಈ ಯಜಮಾನರ ಪೂರ್ವಜ ಮನೆ ಕಟ್ಟಿಸುವುದಕ್ಕೆ ಮುಂಚೆ ತೋಟದ ಗೋಡೆ ಕಟ್ಟಿಸಿದನಂತೆ. ಮನೆ ಆರು ತಿಂಗಳು ತಡವಾದರೂ ನಡೆಯುತ್ತದೆ, ಮರ ಆರು ವರ್ಷ ತಡವಾಗಬಾರದು ಎಂದು. ಈ ಮಾತು ನನಗೆ ಹಿಡಿಸಿತು. ನಮ್ಮ ಶ್ರೀರಾಂಪುರದ ಹೊಸ ಬಡಾವಣೆಗಳಲ್ಲಿ ಮನೆ ಎದ್ದು, ಕಾರು ನಿಂತು, ಅಂಗಳಕ್ಕೆಲ್ಲ ಟೈಲ್ಸು ಹಾಕಿದಮೇಲೆ ಗಿಡ ಎಲ್ಲಿ ನೆಡೋಣ ಎಂಬ ಯೋಚನೆ ಬರುತ್ತದೆ.

ಮನೆಯ ಮುಂದೆ ಹುಲ್ಲು, ಹುಲ್ಲಿನಾಚೆ ಕುರಿಗಳು. ನಡುವೆ ಬೇಲಿಯಿಲ್ಲ. ಕುರಿ ಬಂದು ಹೂ ತಿನ್ನುವುದಿಲ್ಲವೇ ಎಂದು ಕೇಳುತ್ತಾ ಮುಂದೆ ನಡೆದೆ. ಮಾರ್ಗರೆಟ್ ಗಾಬರಿಯಿಂದ ನನ್ನ ರಟ್ಟೆ ಹಿಡಿದರು. ಒಂದು ಹೆಜ್ಜೆ ಮುಂದೆ ಆಳೆತ್ತರದ ಹಳ್ಳ! ಮನೆಯ ಕಡೆಗೆ ಕಲ್ಲಿನ ಗೋಡೆ, ಆ ಕಡೆಗೆ ಇಳಿಜಾರು. ಕಿಟಕಿಯಿಂದ ನೋಡುವವರಿಗೆ ಹುಲ್ಲು ಮಾತ್ರ ಕಾಣುತ್ತದೆ, ಕುರಿಗೆ ಮಾತ್ರ ಹತ್ತಲಾಗುವುದಿಲ್ಲ.

“ನಿಮ್ ತಾತ ಯೋಳಿದ್ ಹಳ್ಳ!” ಎಂದು ಸರೋಜಮ್ಮ ಚಪ್ಪಾಳೆ ತಟ್ಟಿದರು.

“ಒಂದು ಹಳ್ಳಕ್ಕೆಲ್ಲ ಕುಣೀಬೇಡಿ,” ಅಂದೆ. ಹಳ್ಳದ ಆಳವನ್ನು ಮಾತ್ರ ಕಣ್ಣಲ್ಲೇ ಅಳೆದುಕೊಂಡೆ.

ಗುಲಾಬಿ ದಾರಿ

ನೂರಿನ್ನೂರು ಜನ ಬಂದಿದ್ದರು, ಹೆಚ್ಚಿನವರು ನನ್ನ ವಯಸ್ಸಿನವರು. ಎಲ್ಲರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುತ್ತಿದ್ದರು. ಅಷ್ಟು ಗುಲಾಬಿ ಕೈಗೆಟಕುವಂತೆ ತೂಗುತ್ತಿದ್ದರೂ ಒಬ್ಬರೂ ಮುಟ್ಟಲಿಲ್ಲ. ನಮ್ಮ ಒಂಟಿಕೊಪ್ಪಲಿನಲ್ಲಿ ಬೆಳಗಿನ ವಾಕಿಂಗಿಗೆ ಹೊರಡುವವರ ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದು ಕೈಯಲ್ಲಿ ಕೊಕ್ಕೆ ಕೋಲು ಇರುತ್ತದೆ. ಪಕ್ಕದ ಕಾಂಪೌಂಡಿನ ದಾಸವಾಳ, ಕಣಗಿಲೆ ಏಳು ಗಂಟೆಯೊಳಗೆ ಇಡೀ ಬೀದಿಯ ದೇವರ ತಲೆಯ ಮೇಲಿರುತ್ತದೆ. ಕೇಳಿದರೆ ದೇವರಿಗೆ ಕಣಮ್ಮ ಅನ್ನುತ್ತಾರೆ, ಬಾಯಿ ಮುಚ್ಚಿಹೋಗುತ್ತದೆ. ಇಲ್ಲಿಯ ದೇವರು ಪಾಪ, ಅಂಗಡಿಯ ಹೂವಿಗೇ ತೃಪ್ತ.

ನಾನು ಹೀಗೆ ಯೋಚಿಸುತ್ತಾ ತಿರುಗಿ ನೋಡಿದರೆ ಸರೋಜಮ್ಮನ ಜಡೆಯಲ್ಲಿ ಮುಷ್ಟಿಗಾತ್ರದ ಹಳದಿ ಗುಲಾಬಿ. ಸುತ್ತಲಿನ ಮುದುಕಿಯರು ಉಸಿರು ಹಿಡಿದು ನಿಂತಿದ್ದರು.

“ಎಷ್ಟೊಂದೈತೆ, ಒಂದ್ ಕಿತ್ರೆ ಏನಾಯ್ತದೆ?” ಅಂದರು ಸರೋಜಮ್ಮ. ಮಾರ್ಗರೆಟ್ ಕೆಂಪಗಾಗಿ, ತಾವೇ ಸಾರಿ ಅಂದರು. ನಾನು ಆ ಹೊತ್ತಿನಲ್ಲಿ ಸರೋಜಮ್ಮನ ಪರಿಚಯವೇ ಇಲ್ಲದವಳಂತೆ ಒಂದು ಪೊದೆಯನ್ನು ಗಮನವಿಟ್ಟು ನೋಡಿದೆ.

ಗೋಡೆ

ಆಮೇಲೆ ಹಣ್ಣಿನ ತೋಟದ ಬಾಗಿಲು ತೆರೆದರು.

ಎರಡಾಳೆತ್ತರದ ಕೆಂಪು ಇಟ್ಟಿಗೆಯ ಗೋಡೆ ಉದ್ದಕ್ಕೂ ಹೋಗಿತ್ತು. ಅದಕ್ಕೆ ಬೆನ್ನು ಕೊಟ್ಟು, ಕೊಂಬೆಗಳನ್ನು ಎಡಕ್ಕೂ ಬಲಕ್ಕೂ ನೇರವಾಗಿ ಚಾಚಿ, ತಂತಿಗೆ ಕಟ್ಟಿಸಿಕೊಂಡು ಪೇರ್ ಮರಗಳು ನಿಂತಿದ್ದವು. ನಮ್ಮ ಮಾರುಕಟ್ಟೆಯಲ್ಲಿ ಬೇರಿಕಾಯಿ ಎನ್ನುವ ಹಣ್ಣು. ಗೋಡೆ ಒಳಗೆ ಟೊಳ್ಳು ಎಂದರು ಮಾರ್ಗರೆಟ್. ಹಿಂದಿನ ಕಾಲದಲ್ಲಿ ಆಚೆ ಬದಿಯಲ್ಲಿ ಒಲೆ ಉರಿಸಿ, ಬಿಸಿ ಹೊಗೆಯನ್ನು ಗೋಡೆಯೊಳಗೆ ಹಾವಿನಂತೆ ಹರಿಸುತ್ತಿದ್ದರಂತೆ, ಹೂ ಬಿಟ್ಟ ಮರ ಮಂಜಿಗೆ ಸುಟ್ಟುಹೋಗದಿರಲಿ ಎಂದು. ಒಲೆಯ ಬಾಯಿ ತೋರಿಸಿದರು. ಕೈಯಿಟ್ಟು ನೋಡಿದೆ. ಬೆರಳಿಗೆ ಮಸಿ ಹತ್ತಿತು.

ಇದಕ್ಕೇ ತಾನೆ ಆ ಹುಡುಗಿಯರು ನಕ್ಕಿದ್ದು! ಮುಂದಿನ ಇತಿಹಾಸವನ್ನು ಅರ್ಧ ಕಿವಿಯಲ್ಲಿ ಕೇಳಿದೆ. ಯುದ್ಧ ಬಂದು ಮಾಲಿಗಳೆಲ್ಲ ಸೈನ್ಯಕ್ಕೆ ಹೋದರು, ಗುಲಾಬಿ ಕಿತ್ತು ಆಲೂಗೆಡ್ಡೆ ಹಾಕಿದರು, ಆಮೇಲೆ ದಶಕಗಳ ಕಾಲ ತುರಿಕೆ ಸೊಪ್ಪು ಬೆಳೆದು ಬಾಗಿಲೇ ತೆರೆಯಲಿಲ್ಲ, ಈ ಯಜಮಾನರು ಮದುವೆಯಾದಮೇಲೆ ಗಂಡಹೆಂಡತಿ ಕೈಯಾರೆ ಕಿತ್ತು ಮತ್ತೆ ತೋಟ ಮಾಡಿದರು.

ಗೋಡೆಯ ತುದಿಯಲ್ಲಿ ಮೂರು ಮರಗಳ ಕಾಂಡ ಉಳಿದವಕ್ಕಿಂತ ಎರಡರಷ್ಟು ದಪ್ಪ ಇತ್ತು. “ಇವು ಹಳೆಯವು,” ಅಂದರು ಮಾರ್ಗರೆಟ್. “ಯುದ್ಧಕ್ಕೆ ಮುಂಚೆ ಒಂದು ಬೇಸಿಗೆ ಮಳೆಯಿಲ್ಲದೆ ಗೋಡೆಯ ಮರಗಳೆಲ್ಲ ಸತ್ತವು. ಈ ಮೂರು ಮಾತ್ರ ಬದುಕಿದವು. ಕಾರಣ ಗೊತ್ತಿಲ್ಲ ಎಂದು ಆಗಿನ ಹೆಡ್ ಗಾರ್ಡನರ್ ಡೈರಿಯಲ್ಲಿ ಬರೆದಿದ್ದಾನೆ.” ತಾತನ ಮಾತು ನಿಜವಾಗಿದ್ದರೆ ಮಡಕೆ ನೋಡಿ ನಕ್ಕವರಲ್ಲಿ ಇವನೂ ಒಬ್ಬ, ನಕ್ಕವನು ಕಾರಣ ಬರೆಯುತ್ತಾನೆಯೇ!

ಇಲ್ಲಿಗೆ ಸುಮ್ಮನೆ ಚಹಾ ಕುಡಿದು ವಾಪಸ್ಸು ಬರಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ! ಈ ಮರಗಳ ಬುಡದಲ್ಲಿ ಏನಾದರೂ ಸಿಕ್ಕಿತ್ತೇ ಎಂದು ಕೇಳಿಯೇಬಿಟ್ಟೆ.

ಸಿಕ್ಕಿತ್ತು. ಹೋದ ವರ್ಷ ತಂತಿಯ ಕಂಬ ಬದಲಿಸುವಾಗ ಟಾಮ್‌ಗೆ ಎರಡು ಮರಗಳ ಪಕ್ಕ ಒಂದೊಂದು ದೊಡ್ಡ ಮಣ್ಣಿನ ಕುಂಡ ಸಿಕ್ಕಿತ್ತಂತೆ. ತೊಳೆದು ಶೆಡ್ಡಿನ ಹಲಗೆಯ ಮೇಲಿಟ್ಟಿದ್ದರು. ಪುಸ್ತಕದ ಕರಡಿನಲ್ಲಿ ಮಾರ್ಗರೆಟ್ ಅವನ್ನು ಬಸವನಹುಳು ಹಿಡಿಯುವ ಬಲೆ ಎಂದು ಬರೆದಿದ್ದರು. ಅಲ್ಲಿಯವರು ಗಿಡದ ಪಕ್ಕ ಬಟ್ಟಲು ಹೂತು ಅದಕ್ಕೆ ಬಿಯರ್ ಸುರಿಯುತ್ತಾರಂತೆ. ಹುಳು ಬಂದು, ಕುಡಿದು, ಬಿದ್ದು ಸಾಯುತ್ತದಂತೆ. ಜೀವಮಾನದಲ್ಲಿ ಹೆಂಡದ ವಾಸನೆ ನೋಡದ ನಮ್ಮ ತಾತ ಅಲ್ಲಿ ಹುಳುಗಳಿಗೆ ಬಾರು ತೆರೆದವರಾಗಿ ಅಚ್ಚಾಗಲಿದ್ದರು.

ಶೆಡ್ಡಿಗೆ ಹೋದೆವು. ಕುಂಡವನ್ನು ಸರೋಜಮ್ಮನ ಕೈಗೆ ಕೊಟ್ಟು, “ಇದೇನಿರಬಹುದು ನೋಡಿ,” ಅಂದೆ.

ಅವರು ತಿರುಗಿಸಿ, ತಳದ ತೂತಿಗೆ ಬೆರಳು ಹಾಕಿ ನೋಡಿ, “ಅಯ್ ಇದಾ!” ಅಂದರು. “ನಮ್ಮಪ್ಪ ತೆಂಗಿನ್ ಸಸಿಗೆ ಉಗೀತಿದ್ದ ಮಡಕೆ ಅಂಗೇ ಐತಲ್ಲ! ತೂತ್ಗೆ ಬತ್ತಿ ಹಾಕ್ಬುಟ್ಟು, ಮೇಲೊಂದು ಚಪ್ಪಡಿ ಮುಚ್ಚೋದು. ಎಂಟ್ ದಿನಕ್ಕೊಂದ್ಸಲ ನೀರ್ ತುಂಬಿದ್ರಾಯ್ತು. ಇಲ್ಲಿ ಯಾವೋನ್ ಕಣ್ರೀ ಇದ್ನ ಮಾಡ್ದೋನು, ಈ ಮಳೇಲಿ?”

ಅವರ ಮಾತನ್ನು ಮಾರ್ಗರೆಟ್‌ಗೆ ಇಂಗ್ಲಿಷಿನಲ್ಲಿ ಹೇಳಿ, ತಾತ ಮಡಕೆ ಹೂತ ಕಥೆಯನ್ನೂ ಸೇರಿಸಿದೆ.

ಮೂರನೆಯ ಮರ

ಮಾರ್ಗರೆಟ್ ಒಳ್ಳೆಯ ಲೈಬ್ರೇರಿಯನ್. ಅಷ್ಟಕ್ಕೇ ಒಪ್ಪಲಿಲ್ಲ. ಎರಡು ಕುಂಡದಿಂದ ಏನೂ ಸಾಬೀತಾಗುವುದಿಲ್ಲ ಎಂದರು. ಅದನ್ನು ಅಲ್ಲಿಗೇ ಬಿಡಬೇಕಿತ್ತು. ಆದರೆ ಯಾರಾದರೂ ಸಾಬೀತಾಗಲಿಲ್ಲ ಎಂದರೆ ನನ್ನ ಕೈ ತಾನಾಗಿ ಟೇಪಿನ ಕಡೆಗೆ ಹೋಗುತ್ತದೆ, ಮೂವತ್ತೈದು ವರ್ಷದ ಚಾಳಿ. “ನಮ್ಮ ತಾತ ಮೂರು ಹೂತಿದ್ದೆ ಅಂದಿದ್ದರು,” ಎಂದೆ. “ನಿಮಗೆ ಸಿಕ್ಕಿರುವುದು ಎರಡು. ಮೂರನೆಯ ಮರದ ಹತ್ತಿರ ಅಗೆಯಿರಿ. ಇದ್ದರೆ ಇದೆ, ಇಲ್ಲದಿದ್ದರೆ ನಮ್ಮ ತಾತ ಸುಳ್ಳು.”

ತೂತು ಸ್ವೆಟರಿನ ಯಜಮಾನರು ಒಂದು ಗಳಿಗೆ ಯೋಚಿಸಿದರು. ಆ ಮರದ ಬೇರಿಗೆ ಏಟು ಬಿದ್ದರೆ ಎಂಬ ಚಿಂತೆ. ಕೊನೆಗೆ, ಜನ ಹೋದಮೇಲೆ, ಮೆಲ್ಲಗೆ ಅಂದರು. ಐದು ಗಂಟೆಗೆ ಗೇಟು ಮುಚ್ಚಿದರು. ಅಲ್ಲಿ ಬೇಸಿಗೆಯ ಐದು ಗಂಟೆಯೆಂದರೆ ನಮ್ಮ ಮಧ್ಯಾಹ್ನ ಮೂರರ ಬಿಸಿಲು.

ಹಿಂದಿನ ಎರಡು ಕುಂಡಗಳೂ ಕಾಂಡದಿಂದ ಪೂರ್ವಕ್ಕೆ ಒಂದು ಮೊಳ ದೂರದಲ್ಲಿದ್ದವು ಎಂದು ಟಾಮ್ ಗುರುತು ತೋರಿಸಿದ. ಅಳತೆ ಹಿಡಿದು ಮೂರನೆಯದಕ್ಕೆ ಗೆರೆ ಎಳೆದೆ. ಟಾಮ್ ಮಂಡಿಯೂರಿ ಸಣ್ಣ ಕೈಸಲಿಕೆಯಿಂದ ಮಣ್ಣು ತೆಗೆದ. ಬೇರನ್ನು ಬ್ರಷ್ಷಿನಿಂದ ಒರೆಸುವ ಅವನ ನಯ ನೋಡಿದರೆ ಬಾಣಂತಿಗೆ ಎಣ್ಣೆ ಹಚ್ಚುವವರ ನೆನಪಾಗುತ್ತಿತ್ತು. ಮೊಳದುದ್ದ ಇಳಿದ. ಒಂದೂವರೆ ಮೊಳ. ಏನೂ ಇಲ್ಲ.

ದೇವರಾಣೆಗೂ ಹೇಳುತ್ತೇನೆ, ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ. ಮೂರನೆಯದಿಲ್ಲ, ಆದ್ದರಿಂದ ಬೇರೆ ಯಾರೋ, ಬೇರೆ ಯಾವುದೋ ಕಾರಣಕ್ಕೆ. ಅಮ್ಮ ಇನ್ನು ನೆಮ್ಮದಿಯಾಗಿರಬಹುದು. ಟೇಪು ಸುತ್ತತೊಡಗಿದೆ.

“ತಡೀರಿ ತಡೀರಿ,” ಅಂದರು ಸರೋಜಮ್ಮ. “ಈ ಮರದ್ ಪೂರ್ವಕ್ಕೆ ನೋಡಿ, ಅಗ್ದಿರೋದ್ರ ಪಕ್ಕದಲ್ಲೇ ಕಲ್ಲಾಸಿನ ದಾರಿ ಹೋಗೈತೆ. ಜನ ತುಳ್ಯೋ ಜಾಗ್ದಲ್ಲಿ ಯಾರಾರ ಮಡಕೆ ಉಗೀತಾರಾ? ಒಡ್ದೋಗಕ್ಕಿಲ್ವಾ? ಈ ಕಡೆ ಅಗ್ಯಾಕ್ ಯೋಳಿ.”

ನಕಾಶೆ ಬರೆದವಳಿಗೆ ಹೊಳೆಯದ್ದು ಬೇಸಾಯದ ಮನೆಯವರಿಗೆ ಹೊಳೆಯಿತು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳದೆ ನುಂಗಿಕೊಳ್ಳಬಹುದಿತ್ತು. ಅಷ್ಟರಲ್ಲಿ ಸರೋಜಮ್ಮ ಸೀರೆ ಎತ್ತಿ ಸಿಕ್ಕಿಸಿ, ಟಾಮ್‌ನ ಭುಜ ತಟ್ಟಿ, ಪಶ್ಚಿಮಕ್ಕೆ ಬೆರಳು ತೋರಿಸಿಯಾಗಿತ್ತು. ಅವನಿಗೆ ಅನುವಾದ ಬೇಕಾಗಲಿಲ್ಲ. ಒಂದು ಗೇಣು ಆಳದಲ್ಲಿ ಸಲಿಕೆ ಟಣ್ಣೆಂದಿತು.

ಕರಿಕಲ್ಲಿನ ತೆಳು ಹಲಗೆ. ಅದರ ಕೆಳಗೆ ಕುಂಡದ ಬಾಯಿ, ಒಂದು ಸೀಳೂ ಇಲ್ಲದೆ. ಹಲಗೆ ಬಿಗಿಯಾಗಿ ಕೂತಿದ್ದರಿಂದ ಒಳಗೆ ಮಣ್ಣು ಹೆಚ್ಚು ಇಳಿದಿರಲಿಲ್ಲ. ಟಾಮ್ ಕೈಹಾಕಿ ತಳದಿಂದ ಕಪ್ಪನೆಯದೊಂದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಇದ್ದಿಲು. ನಮ್ಮ ಮನೆಯಲ್ಲಿ ಅಮ್ಮ ಈಗಲೂ ನೀರಿನ ಹೂಜಿಗೆ ಒಂದು ತುಂಡು ಇದ್ದಿಲು ಹಾಕುತ್ತಾಳೆ, ನೀರು ನಾರಬಾರದೆಂದು. ಅವಳಿಗೆ ಅದನ್ನು ಕಲಿಸಿದ್ದು ಅವಳಪ್ಪ.

ಎಲ್ಲರೂ ನನ್ನ ಕೈ ಕುಲುಕಿದರು. ಯಜಮಾನರ ಕಣ್ಣಲ್ಲಿ ನೀರಿತ್ತು. ಮಾರ್ಗರೆಟ್ ಕನ್ನಡಕ ಬದಲಿಸಿಕೊಂಡು ಪೆನ್ನು ತೆಗೆದು, “ಹುಳುವಿನ ಪುಟವನ್ನು ನಾಳೆಯೇ ತೆಗೆಯುತ್ತೇನೆ. ಅವರ ಹೆಸರು ಹೇಳಿ,” ಅಂದರು. ಒಂದು ಜಗಲಿ, ಟವೆಲ್ ಕೊಡವಿಕೊಂಡು ಎದ್ದುಹೋದ ಒಬ್ಬ ಗಂಡಸು, ಅವನ ಬೆನ್ನನ್ನು ನೋಡುತ್ತಾ ಕೂತ ಒಂಬತ್ತು ವರ್ಷದ ಹುಡುಗಿ ಕಣ್ಣ ಮುಂದೆ ಬಂದರು. ಆಮೇಲೆ ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ನಂಜಪ್ಪ, ಮೈಸೂರು.

ವಾಪಸ್ಸು ರೈಲು

ಈ ಸಲ ಗುಂಡಿಯನ್ನು ರೈಲು ಹತ್ತಿದಾಗಿನಿಂದಲೇ ಒತ್ತುತ್ತಾ ನಿಂತ ಸರೋಜಮ್ಮ, ಆಮೇಲೆ ಬಂದು ಪಕ್ಕದಲ್ಲಿ ಕೂತರು. ಲಂಡನ್ ಇನ್ನೂ ಬಹಳ ದೂರವಿತ್ತು. ಜಡೆಯ ಗುಲಾಬಿ ಬಾಡಿತ್ತು.

“ಯಾಕ್ ಮಕ ಇಷ್ಟ್ ಮಾಡ್ಕೊಂಡಿದ್ದೀರಿ? ಗೆದ್ದೋರು ನೀವು,” ಅಂದರು.

ಅಮ್ಮ ಏನು ಹೇಳಿ ಕಳಿಸಿದ್ದಳೆಂದು ಹೇಳಿದೆ. ಸರೋಜಮ್ಮ ಜಡೆಯ ಗುಲಾಬಿ ತೆಗೆದು ಮಡಿಲಲ್ಲಿಟ್ಟುಕೊಂಡು ಎಸಳು ಸವರಿದರು.

“ಸುಳ್ಳು ಅಂದ್ಬುಡಿ,” ಅಂದರು ಆಮೇಲೆ. “ಅಲ್ಲಿ ಏನೂ ಇರ್ಲಿಲ್ಲ ಅಂದ್ಬುಡಿ ಕಣಮ್ಮ. ಏನ್ ಗಂಟೋಯ್ತದೆ? ವಯಸ್ಸಾದೋರು, ನೆಮ್ಮದಿಯಾಗಿರ್ಲಿ.”

ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದ ಇದ್ದಿಲನ್ನು ಮುಟ್ಟಿ ನೋಡಿಕೊಂಡೆ. ಟಾಮ್ ಕೊಟ್ಟಿದ್ದ. ಯಾರು ಏನು ಹೇಳಿದರೂ ನಂಬುವ ಸರೋಜಮ್ಮ, ಸುಳ್ಳು ಹೇಳಿ ಅಂದರು. ಯಾರನ್ನೂ ನಂಬದ ನಾನು, ಆಗಲಿ ಅಂದೆ.

ಮತ್ತೆ ಒಂಟಿಕೊಪ್ಪಲ್

ಊರಿಗೆ ಬಂದ ಮಾರನೇ ದಿನ ಬೆಳಗ್ಗೆ ಅಮ್ಮ ವರಾಂಡದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ನಾನು ಬಂದು ಎದುರಿಗೆ ಕೂತೆ. ಫೋನಿನಲ್ಲಿ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಸುಳ್ಳನ್ನು ವಿಮಾನದಲ್ಲಿ ನಾಲ್ಕಾರು ಸಲ ಬಾಯಿಪಾಠ ಮಾಡಿದ್ದೆ.

“ಹೋಗಿದ್ದೆ ಅಮ್ಮ,” ಅಂದೆ. “ಅಲ್ಲಿ ಏನೂ ಇರಲಿಲ್ಲ. ಮಾಮೂಲಿ ತೋಟ.”

“ಹೌದಾ,” ಅಂದಳು. ಸೊಪ್ಪಿನ ಕಡ್ಡಿಯನ್ನು ಮುರಿದು ಒಂದು ಕಡೆ ಹಾಕಿದಳು. “ಗೋಡೆ?”

“ಗೋಡೆ ಇತ್ತು. ಗೋಡೆ ಎಲ್ಲಾ ಕಡೆ ಇರುತ್ತೆ.”

“ಹಂಗಾದ್ರೆ ಬುರುಡೇನೇ ಅನ್ನು.” ಅವಳ ಮುಖದಲ್ಲಿ ನೆಮ್ಮದಿ ಬರುತ್ತದೆಂದು ಕಾದೆ. ಬರಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, “ಪಾಪ, ಅವರು,” ಅಂದಳು. “ಸುಳ್ಳಾದ್ರೂ ಎಷ್ಟು ಚೆನ್ನಾಗಿ ಹೇಳೋರು. ಕೇಳ್ಬೋದಿತ್ತು.”

ನನಗೆ ತಡೆಯಲಾಗಲಿಲ್ಲ. ತಾತ ಎರಡನೇ ಸಲ ಸುಳ್ಳುಗಾರರಾದರು, ಈ ಸಲ ನನ್ನ ಬಾಯಲ್ಲಿ. ಒಳಗೆ ಹೋಗಿ ಕರವಸ್ತ್ರ ತಂದು ಬಿಚ್ಚಿ ಅವಳ ಅಂಗೈಯಲ್ಲಿ ಇದ್ದಿಲಿಟ್ಟೆ.

ಅಮ್ಮ ಅದನ್ನು ನೋಡಿದಳು. ಬೆಳಕಿಗೆ ಹಿಡಿದಳು. ಮೂಗಿನ ಹತ್ತಿರ ತಂದಳು. ಅದೇನೆಂದು ಕೇಳಲಿಲ್ಲ. ಕಣ್ಣಿಂದ ಸುರಿಯುತ್ತಿದ್ದುದನ್ನು ಒರೆಸಿಕೊಳ್ಳಲೂ ಇಲ್ಲ. ಅಳಬೇಡಮ್ಮ, ನೀನಾಗ ಚಿಕ್ಕವಳು ಎಂದೇನೋ ಹೇಳಹೊರಟೆ. ಕೈಯೆತ್ತಿ ತಡೆದಳು.

“ಮೊದ್ಲಿಂದ ಹೇಳು,” ಅಂದಳು. “ಅವರು ಹೇಳ್ತಿದ್ದ ಹಾಗೇ ಹೇಳು.”

ನನಗೆ ಕಥೆ ಹೇಳಿ ಅಭ್ಯಾಸವಿಲ್ಲ. ನಕಾಶೆ ಓದುವವಳ ಹಾಗೆ ಶುರು ಮಾಡಿದೆ. “ಅಲ್ಲಿ ಒಂದು ದೊಡ್ಡ ತೋಟ.”

ಅಮ್ಮ ಕಾಲು ಮಡಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. “ಹ್ಞೂಂ.”

“ತೋಟದ ಸುತ್ತ ಎರಡಾಳೆತ್ತರದ ಗೋಡೆ.”

“ಹ್ಞೂಂ.”

“ಗಿಡಕ್ಕೆ ಚಳಿ ಆಗಬಾರದು ಅಂತ ಆ ಗೋಡೆಯೊಳಗೆ ಬೆಂಕಿ ಹಾಕ್ತಾರೆ.”

“ಹ್ಞೂಂ,” ಅಂದಳು ಅಮ್ಮ, ಈ ಸಲ ಜೋರಾಗಿ, ಬೀದಿಗೆಲ್ಲ ಕೇಳುವ ಹಾಗೆ. ಮೂರನೆಯ ಮಡಕೆಯ ಹತ್ತಿರ ಬರುವಷ್ಟರಲ್ಲಿ ನನ್ನ ಮಾತು ನಿಂತುಹೋಯಿತು. ಆಗಲೂ ಅವಳು ಬಿಡಲಿಲ್ಲ. ಇದ್ದಿಲನ್ನು ಮುಷ್ಟಿಯಲ್ಲಿ ಹಿಡಿದು, ಖಾಲಿ ವರಾಂಡದ ಕಡೆಗೆ ನೋಡುತ್ತಾ, ಹ್ಞೂಂ, ಹ್ಞೂಂ ಎನ್ನುತ್ತಲೇ ಇದ್ದಳು.